ನಾಗರತ್ನಮ್ಮ ಬರೆಯಲಾರದ ಉತ್ತರ

ಮಧುಗಿರಿ ಕೋಟೆಯ ಕೆಳಗಿನ ಬೀದಿಯಲ್ಲಿ ನಾಗರತ್ನಮ್ಮನ ಬಾಯಿಯ ಬಗ್ಗೆ ಎರಡು ಮಾತಿಲ್ಲ. ಸೊಪ್ಪಿನವಳ ಹತ್ತಿರ ಒಂದು ಕಟ್ಟು ಮೆಂತ್ಯಕ್ಕೆ ಚೌಕಾಸಿಗೆ ನಿಂತರೆ, ಬುಟ್ಟಿ ತಲೆಯಿಂದ ಕೆಳಗಿಳಿಯುವಷ್ಟರಲ್ಲಿ ಸೊಪ್ಪಿನವಳ ಮಗಳಿಗೆ ಯಾವ ಊರಿನ ಗಂಡು ಸರಿ ಅನ್ನುವುದೂ ತೀರ್ಮಾನವಾಗಿರುತ್ತದೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಕೈ ರೇಷ್ಮೆ ದಾರ ಸುತ್ತುತ್ತಿದ್ದರೆ ಬಾಯಿ ಊರು ಸುತ್ತುತ್ತಿರುತ್ತದೆ. ಮದುವೆ ಸೀರೆ ಕೊಡಲು ಬಂದ ಹೆಂಗಸರು ಕಾಫಿ ಕುಡಿದು, ತಮ್ಮ ಮನೆಯ ಗುಟ್ಟೆಲ್ಲ ಬಿಚ್ಚಿಟ್ಟು, ಕುಚ್ಚಿಗೆ ಯಾವ ಬಣ್ಣ ಬೇಕೆಂದು ಹೇಳುವುದನ್ನೇ ಮರೆತು ಹೋದದ್ದುಂಟು.

ಇಂಥ ಬಾಯಿಂದ ಮದುವೆಯಾದ ದಿನದಿಂದ ಹೊರಬೀಳದೆ ಉಳಿದ ಮಾತು ಒಂದೇ ಒಂದು, ಗಂಡನ ಹೆಸರು. ನನಗೆ ಅಂಥ ಕಟ್ಟುಪಾಡೇನೂ ಇಲ್ಲ, ಹೇಳಿಬಿಡುತ್ತೇನೆ: ಶಂಕರಲಿಂಗಪ್ಪ. ನಾಗರತ್ನಮ್ಮನ ಪಾಲಿಗೆ ಮಾತ್ರ ಅವನು ‘ನಮ್ಮೆಜಮಾನ್ರು’, ‘ಇವರು’, ಸಿಟ್ಟು ಬಂದ ದಿನ ‘ಆ ಮನುಷ್ಯ’. ಅವಳ ಫೋನಿನಲ್ಲಿ ಅವನ ನಂಬರಿಗೆ ‘ಮನೆಯವರು’ ಅಂತ ಇದೆ. ಬೇಕರಿಯಲ್ಲಿ ಶಂಕರಪೋಳಿ ಅನ್ನಬೇಕಾದೀತೆಂದು ‘ಆ ಡೈಮಂಡ್ ಬಿಸ್ಕತ್ತು ಕೊಡಪ್ಪ’ ಅನ್ನುತ್ತಾಳೆ. ಪೂಜೆಗೆ ಕೂತರೆ ಶಿವ, ಹರ, ಮಹಾದೇವ ಎಲ್ಲರೂ ಬರುತ್ತಾರೆ, ಆ ಒಬ್ಬನನ್ನು ಮಾತ್ರ ಕರೆಯುವುದಿಲ್ಲ. ವೋಟು ಹಾಕುವಲ್ಲಿ, ರೇಷನ್ ಅಂಗಡಿಯಲ್ಲಿ ಯಾರಾದರೂ ಗಂಡನ ಹೆಸರೇನಮ್ಮ ಅಂತ ಕೇಳಿದರೆ ಪಕ್ಕಕ್ಕೆ ತಿರುಗಿ ಸೊಸೆ ಭವ್ಯಳನ್ನು ನೋಡುತ್ತಾಳೆ. ಈ ಕಾಲದ ಹುಡುಗಿ ಭವ್ಯ ಮಾವನ ಹೆಸರನ್ನು ಇನಿಷಿಯಲ್ ಸಮೇತ ಹೇಳಿ ಮುಗಿಸುತ್ತಾಳೆ.

ಹೆಸರು ಹಿಡಿದರೆ ಗಂಡನ ಆಯಸ್ಸು ಸವೆಯುತ್ತದೆ ಅಂತ ಹೇಳಿಕೊಟ್ಟವಳು ನಾಗರತ್ನಮ್ಮನ ಅಜ್ಜಿ. ಅಜ್ಜಿ ಹೇಳಿದ ಎಷ್ಟೋ ಮಾತನ್ನು ನಾಗರತ್ನಮ್ಮ ಗಾಳಿಗೆ ತೂರಿದ್ದಾಳೆ. ಇದನ್ನು ಮಾತ್ರ ತೂರಲಾಗಲಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಶಂಕರಲಿಂಗಪ್ಪನಿಗೆ ಎದೆನೋವು ಬಂದು ತುಮಕೂರಿಗೆ ಕರೆದೊಯ್ದಾಗ ಆಸ್ಪತ್ರೆಯ ಕೌಂಟರಿನ ಹುಡುಗಿ, ‘ಪೇಷಂಟ್ ಹೆಸರೇನಮ್ಮ?’ ಅಂದಳು. ಮಗ ಪ್ರಭುದೇವ್ ಇನ್ನೂ ಗಾಡಿ ನಿಲ್ಲಿಸಲು ಹೋಗಿದ್ದ. ನಾಗರತ್ನಮ್ಮ ಬ್ಯಾಗು ಬಿಚ್ಚಿ ಆಧಾರ್ ಕಾರ್ಡು ತೆಗೆದು ಮುಂದಿಟ್ಟಳೇ ಹೊರತು ತುಟಿ ಬಿಚ್ಚಲಿಲ್ಲ. ಶಂಕರಲಿಂಗಪ್ಪ ಸ್ಟೆಂಟ್ ಹಾಕಿಸಿಕೊಂಡು ನಗುನಗುತ್ತಾ ಮನೆಗೆ ಬಂದ. ಆ ಹೊತ್ತಿನಲ್ಲೂ ತಾನು ಬಾಯಿ ಬಿಡಲಿಲ್ಲವಲ್ಲ, ಅದಕ್ಕೇ ಜೀವ ಉಳಿಯಿತು ಅಂತ ಅವಳ ಲೆಕ್ಕ. ಸ್ಟೆಂಟ್ ಹಾಕಿದ ಡಾಕ್ಟರಿಗೆ ಇದು ಗೊತ್ತಿಲ್ಲ, ಪಾಪ.

ಶಂಕರಲಿಂಗಪ್ಪ ಜೀವಮಾನವಿಡೀ ಮಧುಗಿರಿಯ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದವನು. ಏಜೆಂಟ್ ಅಂದರೆ ಕೂಗಿ ಕೂಗಿ ಬಸ್ಸಿಗೆ ಜನ ತುಂಬುವವನು. ಮೀಸೆ ಚಿಗುರುವ ಮೊದಲೇ ಶುರು ಮಾಡಿದ್ದ. ‘ಕೊಲ್ಟ್ಗೆರೆ ಕೊಲ್ಟ್ಗೆರೆ ಕೊಲ್ಟ್ಗೆರೇಯ್! ಯಾರ್ ಬಡವನಳ್ಳಿ, ಯಾರ್ ಸಿರಾ, ಸಿರಾ ಸಿರಾ!’ ಅಂತ ಕೊರಟಗೆರೆಯನ್ನು ಕೊಲ್ಟ್ಗೆರೆ ಮಾಡಿ ಅವನು ಎತ್ತಿದ ದನಿ ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತಿತ್ತು. ಕಂಕುಳಲ್ಲಿ ಸದಾ ಒಂದು ಕೊಡೆ. ಆ ಕೊಡೆಯಿಂದ ಬಸ್ಸಿನ ತಗಡಿಗೆ ಎರಡು ಬಾರಿಸಿದರೆ ಡ್ರೈವರ್ ಗೇರು ಹಾಕಬೇಕು. ಎದೆಯ ತೊಂದರೆಯಾದ ಮೇಲೆ ಡಾಕ್ಟರು ಕೂಗಕೂಡದು ಅಂದರು. ಕೆಲಸ ಬಿಟ್ಟ. ಕೆಲಸ ಬಿಟ್ಟರೂ ಸಂಜೆ ಹೊತ್ತು ಸ್ಟ್ಯಾಂಡಿಗೆ ಹೋಗಿ ಒಂದು ಟೀ ಕುಡಿದು ಬರುತ್ತಿದ್ದ. ಒಂದು ದಿನ ಹೊಸದಾಗಿ ಬಂದ ಏಜೆಂಟ್ ಒಬ್ಬ ಅವನ ತೋಳು ಹಿಡಿದು, ‘ಯಾವೂರಿಗ್ ತಾತ? ಬನ್ನಿ ಬನ್ನಿ, ಸೀಟ್ ಐತೆ’ ಅಂದುಬಿಟ್ಟ. ಅಲ್ಲಿಂದಾಚೆ ಶಂಕರಲಿಂಗಪ್ಪ ಆ ಕಡೆ ತಲೆ ಹಾಕಿಲ್ಲ. ಮನೆಯಲ್ಲೇ ಕೂತು ಪೇಪರ್ ಓದುತ್ತಾನೆ, ಹೆಂಡತಿಗೆ ದಾರ ಬಿಡಿಸಿಕೊಡುತ್ತಾನೆ. ಅವನು ಅಷ್ಟು ಮೆತ್ತಗಾದದ್ದು ನಾಗರತ್ನಮ್ಮನಿಗೆ ನೋಡಲಾಗುತ್ತಿರಲಿಲ್ಲ.

ಕಳೆದ ಯುಗಾದಿಯ ಹೊತ್ತಿಗೆ ಸಿರಾದಿಂದ ವನಜಾಕ್ಷಿಯ ಫೋನು ಬಂತು. ಇಬ್ಬರೂ ಮಧುಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿ ಎಸ್ಸೆಸ್ಸೆಲ್ಸಿ ಮಾಡಿದವರು. ವನಜಾಕ್ಷಿ ಆಮೇಲೆ ಟೀಚರ್ ಆಗಿ, ಈಗ ರಿಟೈರಾಗಿ, ಪಾಠ ಹೇಳಲು ಮಕ್ಕಳಿಲ್ಲದೆ ಚಡಪಡಿಸುತ್ತಿದ್ದಳು. ಎಲ್ಲೆಲ್ಲಿಗೋ ಚೆದುರಿಹೋಗಿದ್ದ ಹುಡುಗಿಯರನ್ನು ಒಬ್ಬೊಬ್ಬರಾಗಿ ಹುಡುಕಿ ತೆಗೆದು ವಾಟ್ಸಾಪಿನಲ್ಲಿ ‘ಹಾಸ್ಟೆಲ್ ಹುಡ್ಗೀರು’ ಅಂತ ಒಂದು ಗ್ರೂಪ್ ಕಟ್ಟಿದಳು. ಹುಡ್ಗೀರಿಗೆಲ್ಲ ಅರವತ್ತು ದಾಟಿ ಮಂಡಿನೋವು ಬಂದಿತ್ತು. ಪಾವಗಡದ ರಾಜಲಕ್ಷ್ಮಮ್ಮ ಬಟ್ಟೆ ಅಂಗಡಿ ಗಲ್ಲಾದ ಮೇಲೆ ಕೂತೇ ಗ್ರೂಪಿಗೆ ಬರುತ್ತಿದ್ದಳು, ಅರ್ಧ ಕನ್ನಡ ಅರ್ಧ ತೆಲುಗು. ಸಿದ್ದರಬೆಟ್ಟದ ತಪ್ಪಲಲ್ಲಿ ಸೇವಂತಿಗೆ ಬೆಳೆಯುವ ದಾಸಮ್ಮ ದಿನಾ ಬೆಳಿಗ್ಗೆ ಹೂವಿನ ಫೋಟೋ ಹಾಕುತ್ತಿದ್ದಳು. ಸ್ವಲ್ಪ ದಿನ ಗುಡ್ ಮಾರ್ನಿಂಗ್, ಗುಡ್ ನೈಟ್ ನಡೆಯಿತು. ಅದು ಬೇಜಾರಾಗಿ ವನಜಾಕ್ಷಿ ಆಟ ಶುರು ಮಾಡಿದಳು.

ಆಟಕ್ಕೆ ‘ಮೂರು ಸುಳಿವು’ ಅಂತ ಹೆಸರು. ದೀಪ ಹಚ್ಚಿದ ಮೇಲೆ ಒಬ್ಬರು ಮನಸ್ಸಿನಲ್ಲಿ ಏನೋ ಒಂದನ್ನು ಇಟ್ಟುಕೊಂಡು ಮೊದಲ ಸುಳಿವು ಹಾಕಬೇಕು. ಅದು ಕಷ್ಟದ್ದು. ಯಾರಿಗೂ ಗೊತ್ತಾಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು, ಅದಕ್ಕೂ ಆಗದಿದ್ದರೆ ಮೂರನೆಯದು, ಅದು ಸುಲಭದ್ದು. ಮೊದಲು ಸರಿಯಾಗಿ ಬರೆದವರು ಮಾರನೆಯ ದಿನ ಸುಳಿವು ಕೊಡಬಹುದು. ಊಟದ ಹೊತ್ತಿಗೂ ಯಾರೂ ಹೇಳದಿದ್ದರೆ ಸುಳಿವು ಕೊಟ್ಟವರೇ ಉತ್ತರ ಹೇಳಿ ಆಟ ಮುಗಿಸಬೇಕು. ದನಿ ಕಳಿಸುವ ಹಾಗಿಲ್ಲ, ಬರೆದೇ ಹೇಳಬೇಕು. ಇದು ಟೀಚರ್ ರೂಲ್ಸು, ಅಪೀಲಿಲ್ಲ.

ನಾಗರತ್ನಮ್ಮ ಮೊದಲ ದಿನದಿಂದ ಆಡುತ್ತಿದ್ದಾಳೆ. ಒಮ್ಮೆಯೂ ಗೆದ್ದಿಲ್ಲ. ಗೊತ್ತಾಗದೆ ಸೋತಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಗೊತ್ತಾಗಿಯೂ ಸೋಲುತ್ತಿದ್ದಳು, ಅದು ಉರಿ. ಒಂದು ಸಂಜೆ ದಾಸಮ್ಮ, ‘ಮರದಲ್ಲಿದ್ದಾಗ ಹುಡುಗರದ್ದು, ಮಡಕೇಲಿದ್ದಾಗ ಹೆಂಗಸರದ್ದು’ ಅಂತ ಹಾಕಿದಳು. ಹುಣಸೆಹಣ್ಣು ಅಂತ ನಾಗರತ್ನಮ್ಮನಿಗೆ ಓದುತ್ತಿದ್ದ ಹಾಗೇ ಹೊಳೆಯಿತು. ಕೈಯಲ್ಲಿದ್ದ ಸೀರೆ ಎತ್ತಿಟ್ಟು, ಕನ್ನಡಕ ಏರಿಸಿ, ಹು ಒತ್ತಿ, ಣ ಎಲ್ಲಿದೆ ಅಂತ ಹುಡುಕಿ, ಹಣ್ಣಿನ ಒತ್ತಿಗೆ ಬರುವಷ್ಟರಲ್ಲಿ ವನಜಾಕ್ಷಿ ಉತ್ತರ ಬರೆದು ಹಲ್ಲು ಕಿಸಿಯುವ ಮುಖವನ್ನೂ ಹಾಕಿಯಾಗಿತ್ತು. ‘ಅವ್ಳು ಬೋರ್ಡ್ ಮ್ಯಾಲೆ ಬರ್ದು ಬರ್ದು ಪಳಗಿರೋ ಕೈ ಕಣ್ರೀ, ನಂದು ಸೂಜಿ ಹಿಡ್ಯೋ ಕೈ,’ ಅಂತ ಅವತ್ತು ಗಂಡನ ಮುಂದೆ ಗೋಳಾಡಿದ್ದಳು. ಒಂದೇ ಒಂದು ಸಲ ಗೆಲ್ಲಬೇಕು, ವನಜಾಕ್ಷಿ ತಲೆ ಕೆರೆದುಕೊಳ್ಳುವಂಥ ಸುಳಿವು ಕೊಡಬೇಕು ಅನ್ನುವುದು ಅವಳಿಗೆ ಹಟವೇ ಆಗಿಹೋಯಿತು.

ಅವರೆಕಾಯಿ ಸೊಗಡು ಬಿಡುವ ಕಾಲ ಬಂತು. ಒಂದು ಸಂಜೆ ಪ್ರಭುದೇವ್, ಭವ್ಯ ಇಬ್ಬರೂ ಬಡವನಹಳ್ಳಿಗೆ ಮದುವೆಯ ಆರತಕ್ಷತೆಗೆ ಹೋಗಿದ್ದರು. ಗಂಡ ಹೆಂಡತಿ ನಡುಮನೆಯಲ್ಲಿ ಕೂತಿದ್ದರು. ಶಂಕರಲಿಂಗಪ್ಪ ಮೊರದ ಮುಂದೆ ಅವರೆಕಾಯಿ ಸುಲಿಯುತ್ತಿದ್ದ. ನಾಗರತ್ನಮ್ಮ ಫೋನನ್ನು ದಾರದ ಡಬ್ಬಿಗೆ ಒರಗಿಸಿಟ್ಟು ಕಾಯುತ್ತಿದ್ದಳು. ಆ ದಿನ ಸುಳಿವು ವನಜಾಕ್ಷಿಯದೇ.

‘ಇವತ್ತಿನದು ಒಬ್ಬ ಮನುಷ್ಯ,’ ಅಂತ ಬಂತು. ‘ನಮಗೆಲ್ಲ ಗೊತ್ತಿರುವವರು. ಹೆಸರೇ ಬೇಕು, ಅವರು ಇವರು ಅಂದರೆ ನಡೆಯುವುದಿಲ್ಲ. ಮೊದಲ ಸುಳಿವು: ನಮ್ಮನ್ನೆಲ್ಲ ಊರೂರಿಗೆ ಕಳಿಸಿದರು, ತಾವು ಮಾತ್ರ ಎಲ್ಲಿಗೂ ಹೋಗಲಿಲ್ಲ.’

ನಾಗರತ್ನಮ್ಮ ಯಾವಾಗಿನಂತೆ ಗಟ್ಟಿಯಾಗಿ ಓದಿದಳು.

‘ಮೈಲಿಗಲ್ಲು ಇರ್ಬೇಕು ಕಣೆ,’ ಅಂದ ಶಂಕರಲಿಂಗಪ್ಪ.

‘ಮನುಷ್ಯ ಅಂದವ್ಳೆ ಕಣ್ರೀ, ಮೈಲಿಗಲ್ಲಂತೆ.’

‘ಅಂಗಾದ್ರೆ ಪೋಸ್ಟ್ ಮಾಸ್ಟ್ರು.’

‘ನಮ್ಮನ್ನ ಕವರ್‌ಗಾಕಿ ಕಳಿಸಿದ್ರಾ?’ ಅಂದು ನಕ್ಕ ನಾಗರತ್ನಮ್ಮ ಮತ್ತೊಮ್ಮೆ ಓದಿಕೊಂಡಳು. ನಗು ಅರ್ಧಕ್ಕೆ ನಿಂತಿತು. ಹಬ್ಬಕ್ಕೆ ರಜ ಕೊಟ್ಟಾಗ ಟ್ರಂಕು ಹೊತ್ತು ಸ್ಟ್ಯಾಂಡಿಗೆ ಬರುತ್ತಿದ್ದ ಹಾಸ್ಟೆಲ್ ಹುಡುಗಿಯರು, ಯಾರು ಪಾವಗಡ, ಯಾರು ಕೊರಟಗೆರೆ ಅಂತ ಬೇರೆ ಮಾಡಿ ಒಬ್ಬೊಬ್ಬರನ್ನೂ ಸರಿಯಾದ ಬಸ್ಸಿಗೆ ಹತ್ತಿಸುತ್ತಿದ್ದ ಕಡ್ಡಿಯಂಥ ಹುಡುಗ. ಎಲ್ಲ ಕಣ್ಣ ಮುಂದೆ ಬಂತು. ಉತ್ತರ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದೆ!

ಗ್ರೂಪಿನಲ್ಲಿ ಯಾರೂ ಮಿಸುಕಲಿಲ್ಲ. ಬೇರೆ ದಿನವಾದರೆ ರಾಜಲಕ್ಷ್ಮಮ್ಮ ಬಾಯಿಗೆ ಬಂದದ್ದನ್ನೆಲ್ಲ ಎಸೆಯುತ್ತಿದ್ದಳು. ಇವತ್ತು ಅವಳ ಹೆಸರಿನ ಪಕ್ಕ ‘ಟೈಪಿಂಗ್’ ಅಂತ ಬಂದದ್ದು ಹಾಗೇ ಮಾಯವಾಯಿತು. ದಾಸಮ್ಮನದೂ ಬಂದು ಮಾಯವಾಯಿತು. ಯಾರಿಗೂ ಗೊತ್ತಾಗಿಲ್ಲ ಅಂತ ನಾಗರತ್ನಮ್ಮನಿಗೆ ಖುಷಿ ಉಕ್ಕಿತು. ಒತ್ತು ಎಷ್ಟು ಹೊತ್ತು ಹುಡುಕಿದರೂ ಇವತ್ತು ಕೇಳುವವರಿಲ್ಲ. ಫೋನು ಕೈಗೆತ್ತಿಕೊಂಡು ಬೆರಳನ್ನು ‘ಶ’ ಹತ್ತಿರ ಒಯ್ದಳು. ಬೆರಳು ಅಲ್ಲೇ ನಿಂತಿತು.

ಹೇಳುವುದು ಬೇರೆ, ಬರೆಯುವುದು ಬೇರೆ ಅಲ್ಲವೇ ಅಂತ ತನ್ನನ್ನೇ ಕೇಳಿಕೊಂಡಳು. ಬರೆದದ್ದನ್ನು ಹತ್ತಾರು ಜನ ಮನಸ್ಸಿನಲ್ಲೇ ಓದುತ್ತಾರಲ್ಲ, ಅದು ಇನ್ನೂ ಕೆಟ್ಟದ್ದೋ ಏನೋ. ನಮ್ಮೆಜಮಾನ್ರು ಅಂತ ಬರೆಯೋಣವೆಂದರೆ ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಯಜಮಾನ ಇದ್ದಾನೆ. ತಡೆಯದೆ ಸೊಸೆಗೆ ಫೋನು ಮಾಡಿದಳು. ಆ ಕಡೆ ಆರ್ಕೆಸ್ಟ್ರಾದ ಡ್ರಮ್ಮು ಕಿವಿ ಹರಿಯುವಂತೆ ಬಡಿಯುತ್ತಿತ್ತು.

‘ಅತ್ತೇ, ಏನೂ ಕೇಳಿಸ್ತಿಲ್ಲ! ಊಟಕ್ಕೆ ಕೂತಿದೀವಿ! ಹೋಳಿಗೆ ಚೆನ್ನಾಗಿದೆ!’ ಅಂತ ಕಿರುಚಿ ಭವ್ಯ ಇಟ್ಟುಬಿಟ್ಟಳು.

‘ಏನಾಯ್ತೇ? ಬೆವೆತ್ಬುಟ್ಟಿದೀಯ,’ ಅಂದ ಶಂಕರಲಿಂಗಪ್ಪ.

‘ಏನಿಲ್ಲ ಬುಡಿ. ನೀವು ಸುಲೀರಿ.’

ಎರಡನೆಯ ಸುಳಿವು ಬಂತು. ಓದಬಾರದು ಅಂದುಕೊಂಡರೂ ಅಭ್ಯಾಸಬಲದಿಂದ ಬಾಯಿ ಓದಿಯೇಬಿಟ್ಟಿತು. ‘ಮಳೆ ಬಂದರೂ ಕೊಡೆ ಬಿಚ್ಚುತ್ತಿರಲಿಲ್ಲ. ಆ ಕೊಡೆಗೆ ಬೇರೆ ಕೆಲಸ ಇತ್ತು.’

ಶಂಕರಲಿಂಗಪ್ಪನ ಕೈಯಲ್ಲಿದ್ದ ಕಾಯಿ ಸುಲಿಯದೆ ನಿಂತಿತು.

‘ಏನಂದೆ? ಇನ್ನೊಂದ್ ಕಿತ ಓದು.’

ಓದಿದಳು. ಅವನು ಮೊರ ಪಕ್ಕಕ್ಕೆ ಸರಿಸಿ, ಪಂಚೆಗೆ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಹೆಂಡತಿಯ ಪಕ್ಕ ಬಂದು ಕೂತ. ‘ನಾನಾ ಅದು?’ ಅಂತ ಮೆಲ್ಲಗೆ ಕೇಳಿದ. ನಾಗರತ್ನಮ್ಮ ತಲೆಯಾಡಿಸಿದಳು. ಅವನ ಮುಖದ ಮೇಲೆ ಎಷ್ಟೋ ತಿಂಗಳಿಂದ ಕಾಣದ ಒಂದು ಕಳೆ ಬಂತು. ನೆಟ್ಟಗೆ ಕೂತು, ಮೀಸೆಯ ಮೇಲೆ ಬೆರಳಾಡಿಸಿ, ಪರದೆಯನ್ನೇ ನೋಡತೊಡಗಿದ. ರಿಸಲ್ಟ್ ನೋಡಲು ನಿಂತ ಹುಡುಗನ ಹಾಗಿದ್ದ.

‘ಯಾರಾದ್ರೂ ಬರೆದ್ರಾ?’

‘ಇಲ್ಲ, ಇನ್ನೂ.’

‘ಬರೀತಾರೆ ತಡಿ.’

ಯಾರೂ ಬರೆಯಲಿಲ್ಲ. ಪಕ್ಕದ ಮನೆಯ ಕುಕ್ಕರು ಕೂಗಿ ಸುಮ್ಮನಾಯಿತು. ಮೂರನೆಯ ಸುಳಿವೂ ಬಂತು: ‘ಇವರು ಕೂಗುವುದನ್ನು ಅಣಕಿಸಿ ಹಾಸ್ಟೆಲಿನಲ್ಲಿ ನಮ್ಮನ್ನೆಲ್ಲ ಬಿದ್ದು ಬಿದ್ದು ನಗಿಸಿದವಳು, ಕೊನೆಗೆ ಇವರಿಗೇ ಕೊರಳೊಡ್ಡಿದಳು.’

ಇದಕ್ಕಿಂತ ಸುಲಭ ಇನ್ನೇನಿದೆ? ಆದರೂ ಗ್ರೂಪು ಗಪ್‌ಚಿಪ್. ಶಂಕರಲಿಂಗಪ್ಪ ಸ್ವಲ್ಪ ಹೊತ್ತು ನೋಡಿ ಕನ್ನಡಕ ತೆಗೆದ.

‘ಬುಡು ಅತ್ಲಾಗೆ,’ ಅಂದ. ‘ನಿನ್ ಗಂಡ ಅಂತ ಎಲ್ರಿಗೂ ಗೊತ್ತಾಗಿರ್ತದೆ. ಹೆಸ್ರು ಗೊತ್ತಿಲ್ಲ, ಅಷ್ಟೆ. ಏಜೆಂಟ್ರೇ ಅಂತಿದ್ರು, ಹೋಗ್ತಿದ್ರು. ಏಜೆಂಟ್‌ಗೂ ಒಂದ್ ಹೆಸ್ರಿರ್ತದೆ ಅಂತ ಯಾರ್ ತಲೆಗ್ ಹಾಕ್ಕಂತಾರೆ?’

ನಕ್ಕು ಹೇಳಿದನೇನೋ ನಿಜ. ಆ ನಗುವನ್ನು ಇಷ್ಟು ವರ್ಷ ನೋಡಿದವಳಿಗೆ ಅದು ಯಾವ ನಗು ಅಂತ ಗೊತ್ತಾಗದೇ ಇರುತ್ತದೆಯೇ? ನಾಗರತ್ನಮ್ಮನ ಗೆಲ್ಲುವ ಹಟ ಎಲ್ಲಿ ಹೋಯಿತೋ ಏನೋ, ಯಾರಾದರೂ ಬರೆದು ಗೆದ್ದುಕೊಳ್ಳಿರೇ ಅಂತ ಮನಸ್ಸಿನಲ್ಲೇ ಎಲ್ಲರಿಗೂ ಕೈಮುಗಿದಳು. ಊಟದ ಹೊತ್ತಾಗುತ್ತಾ ಬಂದಿತ್ತು. ಇನ್ನೊಂದು ಗಳಿಗೆ ಕಳೆದರೆ ವನಜಾಕ್ಷಿ ಉತ್ತರ ಹೇಳಿ ಮುಗಿಸುತ್ತಾಳೆ, ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಈ ಮನುಷ್ಯನ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ.

‘ನೀವೇ ಒತ್ತಿ, ತಗಳ್ಳಿ,’ ಅಂತ ಫೋನು ಕೊಟ್ಟಳು.

‘ನನ್ ಹೆಸ್ರು ನಾನೇ ಬರ್ಕಳಾದಾ? ಅದೊಂದ್ ಬಾಕಿ ಇತ್ತು ನೋಡು,’ ಅಂತ ಅವನು ಕೈ ಹಿಂದಕ್ಕೆಳೆದುಕೊಂಡ. ಆಮೇಲೆ, ‘ನೀನೇ ಬರಿಯೇ. ನಿಂಗಂತೂ ಗೊತ್ತಲ್ಲ,’ ಅಂದ.

ನಾಗರತ್ನಮ್ಮನ ಕಣ್ಣು ತುಂಬಿ ಬಂತು. ‘ನಾ ಹೆಂಗ್ರೀ ಬರೀಲಿ? ಆಮ್ಯಾಕೆ ನಿಮ್ಗೇನಾರ ಆದ್ರೆ? ಒಂದ್ಸಲ ಆಗೋದು ತಪ್ಪೈತೆ. ಆವತ್ತು ಆಸ್ಪತ್ರೇಲಿ ನಾನು ಬಾಯಿ ಬಿಟ್ಟಿದ್ರೆ...’

ಶಂಕರಲಿಂಗಪ್ಪ ಅವಳನ್ನೇ ನೋಡಿದ. ಹೆಸರು ಹಿಡಿಯದಿರುವುದು ಅವಳ ಮನೆಯ ರೂಢಿ ಅಂತ ಅವನು ಇಷ್ಟು ದಿನ ತಿಳಿದಿದ್ದ. ಅದರ ಹಿಂದೆ ಇಷ್ಟು ದೊಡ್ಡ ಹೆದರಿಕೆ ಕೂತಿದೆ ಅಂತ ಅವನಿಗೆ ಹೊಳೆದಿರಲಿಲ್ಲ. ಆಮೇಲೆ ನಗು ಬಂತು. ಹೊಟ್ಟೆಯೊಳಗಿಂದ ಬಂದ ನಗು.

‘ಲೇ, ಇಲ್ ಕೇಳು. ನಾನು ಜೀವಮಾನೆಲ್ಲ ಏನ್ ಮಾಡ್ದೆ? ಕೊಲ್ಟ್ಗೆರೆ ಕೊಲ್ಟ್ಗೆರೆ ಅಂತ ಗಂಟ್ಲು ಹರ್ಕಂಡೆ. ಸಿರಾ ಸಿರಾ ಅಂದೆ, ಪಾವಗಡ ಪಾವಗಡ ಅಂದೆ. ನಾನ್ ಹೆಸ್ರು ಹಿಡ್ದಿದ್ಕೆ ಕೊಲ್ಟ್ಗೆರೆ ಆಯಸ್ಸೇನಾದ್ರೂ ಕಮ್ಮಿ ಆಯ್ತಾ? ಪಾವಗಡ ಸವೆದೋಯ್ತಾ? ದಿನಾ ಕೂಗಿ ಕೂಗಿ ಆ ಊರ್ಗಳು ದೊಡ್ಡದಾದ್ವೇ ಹೊರ್ತು ಒಂದಾದ್ರೂ ಕರಗೋಯ್ತಾ ಹೇಳು.’

ಅಜ್ಜಿ ಇದಕ್ಕೆ ಏನು ಹೇಳುತ್ತಿದ್ದಳೋ ಗೊತ್ತಿಲ್ಲ, ಅಜ್ಜಿ ಬಸ್ಸನ್ನೇ ಹತ್ತಿದವಳಲ್ಲ. ನಾಗರತ್ನಮ್ಮ ಕಣ್ಣು ಒರೆಸಿಕೊಂಡು ಫೋನು ತೊಡೆಯ ಮೇಲಿಟ್ಟುಕೊಂಡಳು. ಶ ಒತ್ತಿ ಗಂಡನ ಮುಖ ನೋಡಿದಳು. ಅವನು ಕೂತೇ ಇದ್ದ. ಸೊನ್ನೆ ಹುಡುಕಿದಳು, ಕ ಒತ್ತಿದಳು, ಮತ್ತೆ ನೋಡಿದಳು. ‘ನನ್ನೇನ್ ನೋಡ್ತೀಯ, ಅಕ್ಷರ ನೋಡು,’ ಅಂದ. ಕೊನೆಯ ಪಕಾರದ ಒತ್ತು ಸಿಗುವ ಹೊತ್ತಿಗೆ ಅವಳ ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ‘ಶಿವಾ’ ಅಂದು ಕಣ್ಣು ಮುಚ್ಚಿ ಕಳಿಸಿದಳು. ಕಳಿಸಿದವಳೇ ಫೋನು ಕೆಳಗೆ ಹಾಕಿ ಗಂಡನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು. ಎಂದಿನಂತೆ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಗ್ರೂಪು ಸಂತೆಯಾಯಿತು. ‘ಸರಿ ಉತ್ತರ! ಅಂತೂ ಬಾಯಿ ಬಿಟ್ಟೆಯಲ್ಲೇ ತಾಯಿ!’ ಅಂತ ವನಜಾಕ್ಷಿ. ‘ಫಸ್ಟ್ ಕ್ಲೂಕೇ ತೆಲಿಸಿಪೋಯಿಂದಿ ನಾಕು! ಗೊತ್ತಾಗಿದ್ರೂ ನೀನ್ ಬರೀಲಿ ಅಂತ ಕೈ ಕಟ್ಕೊಂಡ್ ಕೂತಿದ್ದೆ. ಗಿರಾಕಿ ಬಂದ್ರೂ ಏಳಲಿಲ್ಲ’ ಅಂತ ರಾಜಲಕ್ಷ್ಮಮ್ಮ. ‘ಶಂಕರಲಿಂಗಣ್ಣನ್ನ ಮರ್ಯಾಕಾಗ್ತದಾ? ನನ್ ಟ್ರಂಕ್‌ನ ಯಾವತ್ತೂ ಟಾಪ್ ಮ್ಯಾಲೆ ಹಾಕ್ಸ್ತಿರಲಿಲ್ಲ, ಸೀಟ್ ಕೆಳ್ಗೇ ಇಡಿಸ್ತಿದ್ರು, ಅದ್ರಲ್ ನಮ್ಮವ್ವ ಮಾಡಿದ್ ಉಂಡೆ ಇರ್ತಿತ್ತು’ ಅಂತ ದಾಸಮ್ಮ. ಆಮೇಲೆ ಉಳಿದವರು. ಒಬ್ಬಳು ಬಸ್ಸು ತಪ್ಪಿ ಅಳುತ್ತಿದ್ದಾಗ ಶಂಕರಲಿಂಗಣ್ಣ ಇನ್ನೊಂದು ಬಸ್ಸನ್ನು ಅಡ್ಡಗಟ್ಟಿ ಹತ್ತಿಸಿದ್ದನಂತೆ. ಇನ್ನೊಬ್ಬಳಿಗೆ ಈಗಲೂ ಕನಸಿನಲ್ಲಿ ಆ ದನಿ ಕೇಳುತ್ತದಂತೆ. ಒಬ್ಬರಾದ ಮೇಲೆ ಒಬ್ಬರು, 'ಶಂಕರಲಿಂಗಣ್ಣ' ಅಂತ ಬರೆದದ್ದೇ ಬರೆದದ್ದು.

ವನಜಾಕ್ಷಿ ತಡೆಯಲಾರದೆ ಫೋನೇ ಮಾಡಿದಳು. ‘ಅಲ್ವೇ ನಾಗು, ಒಂದ್ಸಲವಾದರೂ ನೀನು ಗೆಲ್ಲಲಿ ಅಂತ ಎಲ್ಲರಿಗೂ ಬೇರೆಬೇರೆಯಾಗಿ ಹೇಳಿಟ್ಟು ಇದನ್ನ ಹಾಕಿದ್ದು. ನೀನು ನೋಡಿದರೆ ಕಲ್ಲು ಕೂತ ಹಾಗೆ ಕೂತೆ! ನೀನು ಗಂಡನ ಹೆಸರು ಹಿಡಿಯೋದಿಲ್ಲ ಅನ್ನೋದು ಮೂರನೇ ಸುಳಿವು ಹಾಕಿದ ಮೇಲೆ ನೆನಪಾಯಿತು ಕಣೆ. ನಮ್ಮನೆಯವರನ್ನ ನಾನು ಹೆಸರು ಹಿಡಿದೇ ಬೈಯೋದಲ್ಲವಾ, ಹೊಳೀಲೇ ಇಲ್ಲ. ತಪ್ಪಾಯ್ತಾ?’

‘ತಪ್ಪೂ ಇಲ್ಲ ಗಿಪ್ಪೂ ಇಲ್ಲ, ಇಡು ಫೋನು. ನಾಳೆ ಐತೆ ನಿಂಗೆ,’ ಅಂದಳು ನಾಗರತ್ನಮ್ಮ. ದನಿ ಜೋರಾಗಿಯೇ ಇತ್ತು, ಮೂಗು ಮಾತ್ರ ಸೋರುತ್ತಿತ್ತು.

ಫೋನು ಅವಳ ಕೈಯಿಂದ ಶಂಕರಲಿಂಗಪ್ಪನ ಕೈಗೆ ಹೋಯಿತು. ಒಂದೊಂದೇ ಮಾತನ್ನು ಗಟ್ಟಿಯಾಗಿ ಓದುತ್ತಾ ಹೋದ. ದಾಸಮ್ಮನ ಟ್ರಂಕಿನ ಮಾತು ಬಂದಾಗ ಓದು ನಿಲ್ಲಿಸಿ, ‘ಉಂಡೆ ಇತ್ತಾ ಅದ್ರಲ್ಲಿ? ಒಂದಾದ್ರೂ ಕೊಟ್ಟವ್ಳಾ ನೋಡು ಕಳ್ಳಿ,’ ಅಂದು ನಕ್ಕ. ಎಲ್ಲ ಓದಿ ಮುಗಿಸಿದ ಮೇಲೆ ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಸರಿಸುತ್ತಾ ಹೋಗಿ, ಹೆಂಡತಿ ಬರೆದದ್ದರ ಹತ್ತಿರ ನಿಲ್ಲಿಸಿದ. ಅಲ್ಲಿ ಅಣ್ಣ ಇರಲಿಲ್ಲ, ಏಜೆಂಟ್ ಇರಲಿಲ್ಲ, ಬರೀ ಹೆಸರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದ.

‘ಅನ್ನಕ್ಕಿಡ್ಬೇಕು, ಫೋನ್ ಕೊಡ್ರೀ,’ ಅಂದಳು ನಾಗರತ್ನಮ್ಮ.

‘ತಡಿಯೇ,’ ಅಂದ ಶಂಕರಲಿಂಗಪ್ಪ. ‘ಆಧಾರ್ ಕಾರ್ಡಲ್ಲಿ ನೋಡಿವ್ನಿ, ವೋಟರ್ ಲಿಸ್ಟಲ್ಲಿ ನೋಡಿವ್ನಿ. ಇಷ್ಟ್ ಚೆಂದಾಗೈತೆ ಅಂತ ಗೊತ್ತೇ ಇರ್ಲಿಲ್ಲ ಕಣೆ.’